ಮೋಟರಿಗೂ ಒಂದು ಸೋಮವಾರ

ಸಂತೆಕಲ್ಲೂರಿನ ಉರಿಬಿಸಿಲಿನಲ್ಲಿ ಒಬ್ಬ ಹೆಂಗಸು ಕಿವಿಗೆ ಮೊಬೈಲು ಒತ್ತಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಓಣಿಯಿಂದ ಇನ್ನೊಂದು ಓಣಿಗೆ ಓಡುತ್ತಿದ್ದರೆ ಊರಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಹೊಲದ ಕಡೆ ಕರೆಂಟು ಬಂದಿದೆ ಎಂದು ತಿಳಿದುಕೊಳ್ಳುತ್ತಾರೆ, ಅಷ್ಟೆ. ಓಡುವವಳು ಕಸ್ತೂರೆಮ್ಮ. ಅವಳು ಹುಡುಕುತ್ತಿರುವುದು ತನ್ನ ಗಂಡ ಸೂಗಪ್ಪನನ್ನು.

"ನಮ್ಮವರು ಈ ಕಡೆ ಬಂದಾರೇನ್ರಿ?" ಎಂದು ಕೇಳುತ್ತಾಳೆ.

"ಗುಡಿ ಕಟ್ಟಿಗೆ ಕುಂತಾರ ನೋಡವ್ವ, ಆರಾಮ ಅದಾರ," ಎಂದು ಯಾರಾದರೂ ಹೇಳುತ್ತಾರೆ. ಹೇಳಿದರೆ ಸಾಲದು, ಅವಳು ಕಣ್ಣಾರೆ ನೋಡಬೇಕು. ಕಟ್ಟೆಯ ಮೇಲೆ ಕೂತ ಗಂಡ ಕಾಣಿಸಿದ ಮೇಲೆ, ಅಲ್ಲೇ ನಿಂತು ಏದುಸಿರು ಬಿಡುತ್ತ, ಫೋನನ್ನು ಕಣ್ಣ ಹತ್ತಿರ ಹಿಡಿದು ಒಂದರ ಗುಂಡಿ ಒತ್ತಲು ಹೋಗುತ್ತಾಳೆ. ಎಷ್ಟೋ ಸಲ ಅಷ್ಟರಲ್ಲಿ ಕರೆ ಕಡಿದುಹೋಗಿರುತ್ತದೆ. ಮತ್ತೆ ಅದು ಬರುವವರೆಗೆ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಾಳೆ.

ವಿಷಯ ಇಷ್ಟೇ. ಅವರ ಬಾವಿಯ ದಂಡೆಯಲ್ಲಿ, ಮೋಟರ್ ಖೋಲಿಯ ಗೋಡೆಗೆ, ಊಟದ ಡಬ್ಬಿಯಷ್ಟು ದೊಡ್ಡದೊಂದು ಯಂತ್ರ ಬಡಿದಿದ್ದಾರೆ. ಅದರ ಹೊಟ್ಟೆಯಲ್ಲಿ ಮೊಬೈಲಿನಲ್ಲಿರುವಂಥದೇ ಒಂದು ಸಿಮ್. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಡಬ್ಬಿ, ಯಾರಾದರೂ ಗುಂಡಿ ಒತ್ತುವ ತನಕ, ಅಲ್ಲಿ ಕುಂಯ್ ಕುಂಯ್ ಎಂದು ಕೂಗುತ್ತದೆ, ಇಲ್ಲಿ ಕಸ್ತೂರೆಮ್ಮನ ಫೋನು ರಿಂಗಾಗುತ್ತದೆ. ಎತ್ತಿದರೆ, ಹುಟ್ಟಿದಾಗಿನಿಂದ ಬಿಸಿಲೇ ಕಾಣದವಳಂಥ ತಣ್ಣಗಿನ ದನಿಯೊಂದು, 'ನಿಮ್ಮ ಮೋಟರ್ ಚಾಲೂ ಮಾಡಲು ಒಂದನ್ನು ಒತ್ತಿ, ಬೇಡವಾದಲ್ಲಿ ಎರಡನ್ನು ಒತ್ತಿ' ಎನ್ನುತ್ತದೆ. ಒಂದು ಒತ್ತಿದರೆ ಅಲ್ಲಿ ಖಟ್ ಎಂದು ಮೋಟರು ತಿರುಗುತ್ತದೆ. ಮನೆಯಲ್ಲಿ ಕೂತೇ ಹೊಲಕ್ಕೆ ನೀರು ಬಿಡಬಹುದು, ಹೊಲದ ತನಕ ನಡೆಯುವ ತ್ರಾಸಿಲ್ಲ ಎಂದು ಮಸ್ಕಿಯ ಅಂಗಡಿಯವನು ಹೊಗಳಿ ಕೊಟ್ಟ ಡಬ್ಬಿ ಅದು. ಈಗ ನೋಡಿದರೆ ಹೊಲಕ್ಕೆ ಹೋಗಿ ಬರುವುದಕ್ಕಿಂತ ಹೆಚ್ಚು ಅವಳು ಊರೊಳಗೇ ಓಡುತ್ತಿದ್ದಾಳೆ. ಜನ ನಗುತ್ತಾರೆ. ನಗುವವರಿಗೇನು, ಅವರ ಗಂಡಂದಿರ ಬೆರಳು ಅವರವರ ಕೈಯಲ್ಲೇ ಇವೆ.

ಕಸ್ತೂರೆಮ್ಮ ಮೊದಲಿನಿಂದಲೂ ಕಾಲಿಗೆ ಚಕ್ರ ಕಟ್ಟಿಕೊಂಡವಳೇ. ತವರು ಜವಳಗೇರಾ, ಕಾಲುವೆಯ ಊರು. ಅಲ್ಲಿ ನೀರು ತಾನಾಗಿ ಹೊಲಕ್ಕೆ ಬರುತ್ತದೆ, ಜನ ಬದುವಿನ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಸೂಗಪ್ಪನ ಕೈಹಿಡಿದು ಈ ಜೋಳ ತೊಗರಿಯ ನೆಲಕ್ಕೆ ಬಂದಾಗ, ನೀರು ಎಂಬುದು ಹೊಂಚಿ ಹಿಡಿಯಬೇಕಾದ ಪದಾರ್ಥ ಎಂದು ಅವಳಿಗೆ ತಿಳಿಯಿತು. ಕರೆಂಟು ಯಾವಾಗ ಬಂದೀತೋ ಎಂದು ಕಾಯುವುದು, ಬಂದರೆ ರೊಟ್ಟಿ ತಟ್ಟುವ ಕೈಯಲ್ಲೇ ಹೊಲಕ್ಕೆ ಓಡುವುದು, ಮೆಣಸಿನಗಿಡದ ಸಾಲಿಗೆ ನೀರು ತಿರುವುವಷ್ಟರಲ್ಲಿ ಕರೆಂಟು ಹೋಗುವುದು. ಮಾವ ಬಸ್ಸಪ್ಪ ಇದ್ದಷ್ಟು ದಿನ, "ಕಾಲುವಿ ಊರಾಕಿ, ನೀರಿಗೆ ಓಡೋದು ಈಗ ಕಲತಾಳ," ಎಂದು ಚುಡಾಯಿಸುತ್ತಿದ್ದ. ಆ ಹೆಸರನ್ನು ಸೂಗಪ್ಪನೂ ಹಿಡಿದುಕೊಂಡ. ಪ್ರೀತಿ ಉಕ್ಕಿದಾಗ 'ಕಾಲುವಿ ಊರಾಕಿ', ಸಿಟ್ಟು ಬಂದಾಗಲೂ ಅದೇ.

ಸೋಮವಾರದ ನೇಮವನ್ನು ಹಾಕಿಕೊಟ್ಟವನು ಆ ಮಾವನೇ. ಆ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಮೊದಲ ಸಲ ಬಾವಿಗೆ ಮೋಟರು ಬಂದಾಗ ಬಸ್ಸಪ್ಪ ಅದಕ್ಕೂ ವಿಭೂತಿ ಹಚ್ಚಿ, ಕಾಯಿ ಒಡೆದು, "ಎತ್ತಿನ ಕೆಲಸ ಇದು ಮಾಡತೈತಿ ಅಂದ ಮ್ಯಾಲ ಎತ್ತಿನ ರಜಾನೂ ಇದಕ್ಕ ಕೊಡಬೇಕು," ಎಂದುಬಿಟ್ಟ. ಅಂದಿನಿಂದ ಅವರ ಮನೆಯ ಮೋಟರು ಸೋಮವಾರ ತಿರುಗಿದ್ದಿಲ್ಲ. ಮೆಣಸಿನಗಿಡ ಬಾಡಿ ತಲೆ ಹಾಕಿದರೂ ಸರಿ, ಸೋಮವಾರ ಎಂದರೆ ಸೋಮವಾರ. ಪಕ್ಕದ ಹೊಲದ ಅಮರಗುಂಡಪ್ಪ, "ಮೋಟರಿಗೆ ಮೇವೂ ಹಾಕ್ತೀರೇನು?" ಎಂದು ಹಾಸ್ಯ ಮಾಡುತ್ತಿದ್ದ.

ಸೂಗಪ್ಪನಿಗೂ ಫೋನಿಗೂ ಎಣ್ಣೆ ಸೀಗೆಕಾಯಿ. ಕೊಟ್ಟ ಫೋನನ್ನೆಲ್ಲ ಕಣಿಕೆಯ ಬಣವೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಎಮ್ಮೆಯ ಕಲಗಚ್ಚಿನಲ್ಲಿ ಕಳೆದುಕೊಂಡವನು. ಹಾಗಾಗಿ ಡಬ್ಬಿಯನ್ನು ಕಸ್ತೂರೆಮ್ಮನ ಫೋನಿಗೇ ಜೋಡಿಸಿದರು. ಕೂಡಿಸಲು ಬಂದ ಕಂಪನಿಯ ಹುಡುಗ ಹೋಗುವಾಗ ಒಂದು ಮಾತು ಹೇಳಿದ್ದ: "ಮೇನ್ ಸ್ವಿಚ್ಚು, ಫ್ಯೂಜು ಏನೂ ಮುಟ್ಟಬ್ಯಾಡ್ರಿ. ಅದನ್ನ ತೆಗೆದ್ರ ಕರೆಂಟ್ ಬಂದಿದ್ದು ಡಬ್ಬಿಗೆ ಗೊತ್ತಾಗಂಗಿಲ್ಲ, ಫೋನ್ ಬರಂಗಿಲ್ಲ." ಮುಟ್ಟಬೇಡಿ ಎಂದವನ ಮಾತನ್ನು ಅವರು ಪಾಲಿಸಿದರು. ಕಸ್ತೂರೆಮ್ಮನಿಗಂತೂ ಹೆಮ್ಮೆಯೋ ಹೆಮ್ಮೆ. ಅಡುಗೆಮನೆಯಲ್ಲಿ ಕೂತೇ ಹೊಲಕ್ಕೆ ನೀರು ಹರಿಸುವವಳು ಆ ಓಣಿಯಲ್ಲಿ ಅವಳೊಬ್ಬಳೇ. ಡಬ್ಬಿಯೊಳಗಿನ ದನಿಗೆ, "ಆತವ್ವ, ಒತ್ತಿದೆ, ಇನ್ನ ಸುಮ್ಕಿರು," ಎಂದು ಉತ್ತರವನ್ನೂ ಕೊಡುತ್ತಿದ್ದಳು. ವಾರವೆಲ್ಲ ಒಂದು ಒತ್ತುವುದು, ಸೋಮವಾರ ಎರಡು. ಬೆರಳಿಗೆ ಅದು ರೂಢಿಯಾಗಿ, ನೋಡದೆಯೇ ಒತ್ತುವಂತಾಯಿತು.

ಹೋದ ವರ್ಷದ ಬೇಸಿಗೆಯ ಒಂದು ಸೋಮವಾರ ಸೂಗಪ್ಪ ಹೇಳದೆ ಕೇಳದೆ ಬಾವಿಗೆ ಇಳಿದ. ಪಂಪು ನೀರು ಸೋರುತ್ತಿತ್ತು. ಸೋರದಂತೆ ಅದರ ಕುತ್ತಿಗೆಗೆ ಸುತ್ತುವ ಹಗ್ಗವನ್ನು ಬದಲಿಸಬೇಕಿತ್ತು. ಉಳಿದ ದಿನ ಪಂಪು ಖಾಲಿ ಇರುವುದಿಲ್ಲ, ಸೋಮವಾರವಾದರೆ ನಿಶ್ಚಿಂತೆ. ಮೆಟ್ಟಿಲಿಳಿದು, ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹಗ್ಗದ ತುದಿಯನ್ನು ಎರಡು ಬೆರಳಿಗೆ ಸುತ್ತಿಕೊಂಡು ಒಳಗೆ ತೂರಿಸುತ್ತಿದ್ದಾಗ ಮೋಟರು ಚಾಲೂ ಆಯಿತು.

ಅಮರಗುಂಡಪ್ಪನೇ ಓಡಿಬಂದು ಅವನನ್ನು ಮೇಲಕ್ಕೆ ತಂದ. ಆ ಮಾತಿಗೆ ಅವನನ್ನು ನೆನೆಯಬೇಕು. ಲಿಂಗಸುಗೂರಿನ ದವಾಖಾನೆಗೆ ಮುಟ್ಟಿಸುವಾಗ ಕೈಗೆ ಸುತ್ತಿದ್ದ ಟವೆಲು ಯಾವ ಬಣ್ಣದ್ದೆಂದು ಗೊತ್ತಾಗುತ್ತಿರಲಿಲ್ಲ. ಬಲಗೈಯ ಹೆಬ್ಬೆರಳಿನ ಪಕ್ಕದ ಎರಡು ಬೆರಳು ಹೋದವು. ಲಿಂಗಸುಗೂರಿನಲ್ಲಿ ಸಂಸಾರ ಮಾಡಿಕೊಂಡಿದ್ದ ಮಗಳು ದಾನೇಶ್ವರಿಯ ಮನೆಯಲ್ಲಿ ಗಾಯ ಒಣಗುವ ತನಕ ಇದ್ದು ಇಬ್ಬರೂ ಊರಿಗೆ ಮರಳಿದರು.

ಅಲ್ಲಿಂದ ಶುರುವಾಯಿತು ಕಸ್ತೂರೆಮ್ಮನ ಸಂಕಟ.

ಆ ಸೋಮವಾರ ಫೋನು ಬಂದಿತ್ತು. ಅವಳು ಹಿಟ್ಟಿನ ಕೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು, ಹೆಂಚಿನ ಮೇಲೆ ಒಂದು ರೊಟ್ಟಿ ಸೀಯುತ್ತಿತ್ತು. ಫೋನೆತ್ತಿ, ಹಿಟ್ಟಿನ ಬೆರಳಲ್ಲೇ ಏನೋ ಒಂದನ್ನು ಒತ್ತಿ, ಇಟ್ಟು, ರೊಟ್ಟಿ ತಿರುವಿದ್ದಳು. ರೊಟ್ಟಿ ನೆನಪಿದೆ, ಅದರ ಮೇಲಿನ ಕರಿ ಕಲೆಯೂ ನೆನಪಿದೆ. ಒತ್ತಿದ್ದು ಒಂದೋ ಎರಡೋ ಎಂಬುದು ಮಾತ್ರ ಎಷ್ಟು ತಲೆ ಚಚ್ಚಿಕೊಂಡರೂ ನೆನಪಾಗುತ್ತಿಲ್ಲ. ಎರಡೇ ಒತ್ತಿರಬೇಕು, ಸೋಮವಾರವಲ್ಲವೇ ಎಂದು ಒಂದು ಗಳಿಗೆ ಸಮಾಧಾನವಾಗುತ್ತದೆ. ವಾರವೆಲ್ಲ ಒಂದು ಒತ್ತಿ ಒತ್ತಿ ಪಳಗಿದ ಬೆರಳು ಸೋಮವಾರವೆಂದು ತಾನಾಗಿ ತಿಳಿದೀತೇ ಎಂದು ಮರುಗಳಿಗೆ ಆ ಸಮಾಧಾನ ಹಾರಿಹೋಗುತ್ತದೆ.

ಊರು ಬಾಯಿ ಮುಚ್ಚಿಕೊಂಡಿರುತ್ತದೆಯೇ? ಫೋನು ಅವಳದು, ಒತ್ತಿದವಳು ಅವಳೇ ಎಂದು ಮಾತಾಡಿಕೊಂಡರು. ಅವಳು ಕಂಪನಿಗೆ ಫೋನು ಮಾಡಿಸಿದಳು. ಡಬ್ಬಿ ತಾನಾಗಿ ಚಾಲೂ ಆಯಿತೋ, ಯಾರಾದರೂ ಒತ್ತಿದರೋ, ಅದಷ್ಟು ಹೇಳಿರೆಂದು ಬೇಡಿಕೊಂಡಳು. ಅಂಥ ಮಾಹಿತಿಯನ್ನು ಗಿರಾಕಿಗಳಿಗೆ ಕೊಡುವುದಿಲ್ಲ ಎಂದರು ಅವರು. ಬಾವಿ ತಮ್ಮದು, ನೀರು ತಮ್ಮದು, ಹೋದ ಬೆರಳೂ ತಮ್ಮದು. ಏನಾಯಿತೆಂಬ ಮಾತು ಮಾತ್ರ ಬೇರೆಯವರದು. ಇದ್ಯಾವ ನ್ಯಾಯವೋ ಅವಳಿಗೆ ತಿಳಿಯಲಿಲ್ಲ.

ಎಲ್ಲಕ್ಕಿಂತ ಅವಳನ್ನು ತಿನ್ನುತ್ತಿದ್ದುದು ಸೂಗಪ್ಪನ ಮೌನ. ಅವನು ಒಂದು ದಿನವೂ, "ನೀ ಒತ್ತಿದೇನು?" ಎಂದು ಕೇಳಲಿಲ್ಲ. ಕೇಳಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳು. ಮೂರು ಬೆರಳು ಕೂಡಿಸಿ ಹಣೆಗೆ ವಿಭೂತಿ ಎಳೆಯುತ್ತಿದ್ದವನು ಈಗ ಉಂಗುರದ ಬೆರಳೊಂದರಲ್ಲೇ ಒಂದೊಂದು ಗೆರೆಯಾಗಿ ಎಳೆಯುತ್ತಾನೆ. ಅವನು ಹಾಗೆ ವಿಭೂತಿ ಹಚ್ಚಿಕೊಳ್ಳುವ ಹೊತ್ತಿಗೆ ಕಸ್ತೂರೆಮ್ಮ ಕಸ ಚೆಲ್ಲುವ ನೆವ ತೆಗೆದು ಹೊರಗೆ ಹೋಗುತ್ತಾಳೆ. ಚೆಲ್ಲಲು ಕಸವೇ ಇಲ್ಲದ ದಿನವೂ ಬುಟ್ಟಿ ಹಿಡಿದು ಹೋಗುತ್ತಾಳೆ.

ಹೀಗಿರುವಾಗ ಪಂಚಾಯಿತಿ ಗ್ರಂಥಾಲಯದ ಅನುಪಮಾ ಒಂದು ದಿನ ಮಹಿಳಾ ಸಂಘದವರನ್ನೆಲ್ಲ ಕರೆದಳು. ಬೌದ್ಧರ ಮನೆಯ ಹುಡುಗಿ, ಓದಿ, ಊರಲ್ಲೇ ನೌಕರಿ ಹಿಡಿದವಳು, ಚುರುಕು. ಮಾತಾಡುವ, ಫೋನಿಗೆ ಜೋಡಿಸಿಕೊಂಡ ಯಂತ್ರಗಳಿಗೆಲ್ಲ ಸೇರಿ ದೇಶಕ್ಕೆ ಒಂದು ನೀತಿ ಮಾಡುತ್ತಾರಂತೆ, ಕರಡು ಬರೆದಿದ್ದಾರಂತೆ, ಜನರನ್ನು ಕೇಳಲು ಅಧಿಕಾರಿಗಳು ಸಿಂಧನೂರಿಗೇ ಬರುತ್ತಾರಂತೆ ಎಂದು ಹೇಳಿ ಅದನ್ನು ಓದತೊಡಗಿದಳು. ಹೆಂಗಸರು ಆಕಳಿಸಿದರು. ಯಾರೋ ಪಕ್ಕದವಳ ತಲೆಯಲ್ಲಿ ಹೇನು ಹುಡುಕಲು ಶುರುಮಾಡಿದರು. ಅಷ್ಟರಲ್ಲಿ ಅನುಪಮಾ, 'ಸಾಧನದಲ್ಲಿ ಹುಟ್ಟುವ ಮಾಹಿತಿ ಯಾರಿಗೆ ಸೇರಿದ್ದು? ತನ್ನ ಸಾಧನ ಯಾವಾಗ, ಯಾರ ಆಜ್ಞೆಯಿಂದ ಕೆಲಸ ಮಾಡಿತು ಎಂದು ಕೇಳುವ ಹಕ್ಕು ಬಳಕೆದಾರರಿಗೆ ಇರಬೇಕೇ?' ಎಂಬ ಪ್ರಶ್ನೆಗೆ ಬಂದಳು.

ಕಸ್ತೂರೆಮ್ಮ ಎದ್ದು ನಿಂತುಬಿಟ್ಟಳು. "ಇನ್ನೊಮ್ಮೆ ಓದು ತಂಗಿ."

ಅನುಪಮಾ ಇನ್ನೊಮ್ಮೆ ಓದಿದಳು.

"ಇದನ್ನ ಅಲ್ಲಿ ಹೋಗಿ ಯಾರಾದ್ರೂ ಕೇಳಬಹುದೇನು?"

"ಯಾರಾದ್ರೂ ಕೇಳಬಹುದ್ರಿ ಅಮ್ಮಾರ. ಅದಕ್ಕ ಅವರು ಬರಾಕತ್ತಾರ. ನಿಮ್ಮ ಹೆಸರು ಕೊಡ್ಲ್ಯಾ?"

"ಕೊಡು," ಎಂದಳು. ಮನೆಗೆ ಬಂದು ಮಾಡಿದ ಕೆಲಸವನ್ನೇ ಮತ್ತೆ ಮಾಡಿದಳು. ತೊಳೆದ ಪಾತ್ರೆ ತೊಳೆದಳು, ಉಂಡ ಎಮ್ಮೆಗೆ ಮತ್ತೆ ಮೇವು ಹಾಕಿದಳು. ಉತ್ತರ ಬೇಕೆಂಬ ಆಸೆ, ಉತ್ತರ ಬಂದರೇನು ಗತಿ ಎಂಬ ಅಂಜಿಕೆ. ಒಂದೇ ಸಮಾಧಾನವೆಂದರೆ ಸಿಂಧನೂರಿಗೆ ಮನೆಯಿಂದ ಅವಳೊಬ್ಬಳೇ ಹೋಗುತ್ತಾಳೆ. ಅಲ್ಲಿ ಏನೇ ತಿಳಿದರೂ ಮೊದಲು ತಿಳಿಯುವವಳು ತಾನು. ಗಂಡನ ಮುಂದೆ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಬರುವಾಗ ಯೋಚಿಸಿಕೊಂಡರಾಯಿತು.

ಸಭೆಯ ದಿನ, ಬುಧವಾರ ಬೆಳಿಗ್ಗೆ, ಅವಳು ಹೊಸ ಸೀರೆಯ ನಿರಿಗೆ ಹಿಡಿಯುತ್ತಿದ್ದಾಗ ಸೂಗಪ್ಪ ರುಮಾಲು ಸುತ್ತಿಕೊಂಡು ಹೊಸಿಲಲ್ಲಿ ನಿಂತಿದ್ದ.

"ನೀವೆಲ್ಲಿಗಿ?"

"ಸಿಂಧನೂರಾಗ ಎತ್ತಿಗೆ ಹಗ್ಗ ತಗೊಳ್ಳೋದೈತಿ."

"ಹಗ್ಗ ಮಸ್ಕ್ಯಾಗ ಸಿಗಂಗಿಲ್ಲೇನು?"

"ಮಸ್ಕಿ ಹಗ್ಗ ಛಲೋ ಇರಂಗಿಲ್ಲ," ಎಂದ ಸೂಗಪ್ಪ, ಜೀವಮಾನವೆಲ್ಲ ಮಸ್ಕಿಯಲ್ಲೇ ಹಗ್ಗ ಕೊಂಡವನು.

ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಮಸ್ಕಿಯ ತನಕ ಆಟೋದಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಅಲ್ಲಿಂದ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದರು. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಸುತ್ತಿದ್ದು ತನ್ನ ಕಣ್ಣಿಗೆ ಬಿದ್ದಾಗ ಗಡಬಡಿಸಿ ಬಿಚ್ಚಿಬಿಡುವುದು. ಮುಂದಿನ ಸೀಟಿನಲ್ಲಿ ರುಮಾಲಿನ ಹಿಂಭಾಗವಷ್ಟೇ ಕಾಣುತ್ತಿತ್ತು.

ಸಭೆ ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂಮಾಲೆಗಳನ್ನು ಇನ್ನೂ ತೆಗೆದಿರಲಿಲ್ಲ. ವಧೂವರರು ಕೂರುವ ಕುರ್ಚಿಯಲ್ಲಿ ಇಬ್ಬರು ಅಧಿಕಾರಿಗಳು ಕೂತಿದ್ದರು. ಕುರ್ಚಿ ತುಂಬಿಸಲು ಕರೆತಂದ ಕಾಲೇಜು ಮಕ್ಕಳು ತಮ್ಮ ತಮ್ಮ ಫೋನಿನಲ್ಲಿ ಮುಳುಗಿದ್ದರು. ಮೈಕು ಕೈಗೆ ಸಿಕ್ಕ ಮೊದಲಿಗರು ಸಬ್ಸಿಡಿ ಕೇಳಿದರು. ಆಮೇಲಿನವರು ತಮ್ಮೂರಿಗೆ ಟವರು ಕೇಳಿದರು. ಔಷಧ ಹೊಡೆಯುವ ಡ್ರೋನಿನ ವಿಷಯ ಕೇಳಲು ಬಂದಿದ್ದ ಅಮರಗುಂಡಪ್ಪ, ಅದನ್ನು ಬಿಟ್ಟು ಕಾಲುವೆ ನೀರಿನ ಬಗ್ಗೆ ಭಾಷಣ ಬಿಗಿದ. ವೇದಿಕೆಯ ಮೇಲಿನ ಅಧಿಕಾರಿ ಬಾಯಿ, ಕನ್ನಡಕದ ಹೆಂಗಸು, ತಾಳ್ಮೆಯಿಂದ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಅನುಪಮಾ ಪಕ್ಕಕ್ಕೆ ಬಂದು, "ಈಗ ನಿಮ್ಮದ್ರಿ ಅಮ್ಮಾರ," ಎಂದಳು.

ಮೈಕನ್ನು ಎರಡೂ ಕೈಯಲ್ಲಿ ಹಿಡಿದ ಕಸ್ತೂರೆಮ್ಮನಿಗೆ ತನ್ನ ಉಸಿರೇ ಗಾಳಿ ಬೀಸಿದಂತೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಸೂಗಪ್ಪ ಇದ್ದಾನೆಂಬುದು ಬೆನ್ನಿಗೆ ಗೊತ್ತಿತ್ತು.

"ನಮ್ಮ ಬಾವಿ ಮ್ಯಾಲ ಒಂದು ಡಬ್ಬಿ ಐತ್ರಿ," ಎಂದು ಶುರುಮಾಡಿದಳು. "ಅದು ಒಂದಿನ ಚಾಲೂ ಆಗಬಾರದ ಹೊತ್ತಿನ್ಯಾಗ ಚಾಲೂ ಆತು. ನಮ್ಮನಿಯವರ ಬೆರಳು ಹೋದ್ವು. ಡಬ್ಬಿ ತಾನಾಗಿ ಚಾಲೂ ಆತೋ, ಯಾರರ ಒತ್ತಿದ್ರೋ, ಕಂಪನಿಯವ್ರಿಗೆ ಗೊತ್ತೈತಿ. ನನಗ ಹೇಳವಲ್ಲರು. ನಮ್ಮ ಡಬ್ಬಿ ನಮ್ಮ ಮನ್ಯಾಗ ಏನ್ ಮಾಡ್ತು ಅಂಬೋದು ನಮಗ ಗೊತ್ತಾಗಬ್ಯಾಡೇನ್ರಿ? ಗೊತ್ತಾಗಲಾರದಕ ಒಂದು ವರ್ಷ ನನಗ ಕುಂತಲ್ಲಿ ಕುಂದ್ರಾಕ ಆಗಿಲ್ಲ."

ಕಾಲೇಜು ಮಕ್ಕಳು ತಲೆಯೆತ್ತಿದರು. ಅಧಿಕಾರಿ ಬಾಯಿ ಪೆನ್ನು ಕೆಳಗಿಟ್ಟರು. "ನೀವು ಕೇಳುವುದು ಸರಿ ಇದೆ ಅಮ್ಮ," ಎಂದರು. "ಆ ಹಕ್ಕು ಕೊಡಬೇಕೆಂದೇ ಕರಡಿನಲ್ಲಿ ಬರೆದಿದ್ದೇವೆ. ನೀತಿ ಬರುವ ತನಕ ನೀವು ಕಾಯಬೇಕಿಲ್ಲ. ಕಂಪನಿಗೆ ನಾವೇ ಬರೆದು ಕೇಳಿಸುತ್ತೇವೆ. ಅದು ಯಾವ ದಿನ ಆದದ್ದು, ಹೇಳಿ."

ಬಯಸಿದ್ದು ಕೈಗೆ ಬಂದು ನಿಂತಿತ್ತು. ದಿನ ಹೇಳಿದರೆ ಸಾಕಿತ್ತು. ನಾಳೆ ಒಂದು ಕಾಗದ ಬರುತ್ತದೆ, ಅದನ್ನು ಯಾರೋ ಓದುತ್ತಾರೆ, ಓದುವಾಗ ಗಂಡ ಅಲ್ಲೇ ಕೂತಿರುತ್ತಾನೆ. ಆಮೇಲೆ ಅವನಿಗೆ ರೊಟ್ಟಿ ಬಡಿಸುವುದು ಯಾವ ಕೈಯಿಂದ? ಕಸ್ತೂರೆಮ್ಮ ದಿನ ಹೇಳದೆ ಮೈಕನ್ನು ಬಾಯಿಂದ ಕೆಳಗಿಳಿಸಿದಳು.

ಅಮರಗುಂಡಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಎದಕ್ ಬರ್ಕೊಂತೀರ್ರಿ ಬಾಯಾರ? ಆಕೀನ ಒತ್ಯಾಳ. ಊರಿಗೇ ಗೊತ್ತೈತಿ!" ಎಂದು ಕೂತಲ್ಲಿಂದಲೇ ಕೂಗಿದ. ಬಾವಿಯಿಂದ ಎತ್ತಿ ತಂದವನೂ ಅವನೇ, ಈ ಮಾತು ಆಡಿದವನೂ ಅವನೇ. ಒಳ್ಳೆಯವನೆನ್ನಬೇಕೋ ಕೆಟ್ಟವನೆನ್ನಬೇಕೋ ದೇವರೇ ಬಲ್ಲ. ನಾಲ್ಕು ಜನ ಕಿಸಕ್ಕೆಂದು ನಕ್ಕರು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಸೂಗಪ್ಪ ಬಂದು ಅವಳ ಕೈಯಿಂದ ಮೈಕು ತೆಗೆದುಕೊಂಡ. ಎಡಗೈಯಲ್ಲಿ ಮೈಕು ಹಿಡಿದು, ಯಾವಾಗಲೂ ಧೋತರದ ಮರೆಯಲ್ಲಿಡುತ್ತಿದ್ದ ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆತ್ತಿದ. ನಗು ನಿಂತಿತು.

"ಬೆರಳು ನನ್ನವು," ಎಂದ. "ಅದಕ್ಕ ನಾ ಹೇಳತೀನಿ. ಒತ್ತಿದವರು ಯಾರು ಅಂತ ಹುಡುಕಬ್ಯಾಡ್ರಿ. ಬೆರಳು ತಪ್ಪತಾವ. ಇವತ್ತ ನಮ್ಮಾಕಿದು ತಪ್ಪಿದ್ರ ನಾಳಿ ಅಮರಗುಂಡಪ್ಪಂದು ತಪ್ಪತೈತಿ. ನಂದೂ ತಪ್ಪ್ಯಾವ. ಫ್ಯೂಜ್ ತೆಗೆದು ಇಳೀಬೇಕಿತ್ತು, ಮುಟ್ಟಬ್ಯಾಡ ಅಂದಿದ್ರು, ಸೋಮವಾರ ಐತಿ ಅಂತ ನಾನೂ ಬಿಟ್ಟೆ."

ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಮನೆಯಲ್ಲೂ ಅಪರೂಪ.

"ಮೋಟರ್ ಎಲ್ಲಿ ಕುಂತು ಬೇಕಾದ್ರೂ ಚಾಲೂ ಮಾಡಬಹುದು ಅಂತೀರಿ. ಮಾಡ್ರಿ. ಆದ್ರ ಬಾವ್ಯಾಗ ಇಳಿದಾವನ ಕೈಯಾಗ ಏನೈತಿ? ಏನೂ ಇಲ್ಲ. ಆ ಡಬ್ಬಿಗೆ ಒಂದು ಬೀಗ ಇಡ್ರಿ. ಇಳಿಯಾವ ಬೀಗ ಹಾಕಿ, ಕೀಲಿ ಉಡದಾರಕ್ಕ ಕಟ್ಟಿಕೊಂಡು ಇಳೀಲಿ. ಅವ ಮ್ಯಾಲ ಬರೂ ತನಕ ಮನ್ಯಾಗ ಹೆಂಡತಿ ಒತ್ತಲಿ, ದಿಲ್ಲ್ಯಾಗ ನೀವು ಒತ್ತರಿ, ಅದು ಮಿಸುಕಾಡಬಾರದು. ಇಷ್ಟು ಬರ್ಕೋರಿ. ಆಕೀ ತಕರಾರು ಅದರಾಗ ಬಂತು."

ಅಧಿಕಾರಿ ಬಾಯಿ ಬರೆದುಕೊಂಡರು. ಕಾರ್ಖಾನೆಯ ಯಂತ್ರಗಳಿಗೆ ಅಂಥದ್ದು ಇರಬೇಕೆಂದು ಕರಡಿನಲ್ಲಿದೆ, ಬಾವಿಗಳನ್ನೂ ಸೇರಿಸಬೇಕೆಂದು ಇವರ ಹೆಸರಿನಲ್ಲೇ ಸಲಹೆ ಕಳಿಸುತ್ತೇವೆ ಎಂದರು. ಸೇರುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದೂ ಪ್ರಾಮಾಣಿಕವಾಗಿ ಹೇಳಿದರು. ಕಂಪನಿಗೆ ಬರೆಯಲೇ ಎಂದು ಮತ್ತೊಮ್ಮೆ ಕಸ್ತೂರೆಮ್ಮನ ಕಡೆ ನೋಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಕಿವಿಯಲ್ಲಿ ಗಂಡನ ಒಂದೇ ಮಾತು ಗುಂಯ್‌ಗುಡುತ್ತಿತ್ತು: ಮನ್ಯಾಗ ಹೆಂಡತಿ ಒತ್ತಲಿ.

ಹಗ್ಗದ ಸುದ್ದಿ ಯಾರೂ ಎತ್ತಲಿಲ್ಲ. ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಊರು ದಾಟಿ ಗದ್ದೆಗಳು ಶುರುವಾಗುವ ತನಕ ತಡೆದುಕೊಂಡಿದ್ದ ಕಸ್ತೂರೆಮ್ಮ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ನಿಮಗ ಗೊತ್ತಿತ್ತೇನ್ರಿ?"

"ಏನು?"

"ಒತ್ತಿದ್ದು ನಾನ ಅಂತ."

ಸೂಗಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಡಬ್ಬಿ ತಾನಾಗಿ ಚಾಲೂ ಆದ್ರ ಕೂಗಂಗಿಲ್ಲ. ಅವತ್ತ ಕೂಗಿತು. ಅಷ್ಟೊತ್ತು ಕೂಗಿ, ಆಮ್ಯಾಲ ಖಟ್ ಅಂತು."

ಒಂದು ವರ್ಷ ಅವಳು ಕಂಪನಿಯನ್ನು, ದೇವರನ್ನು, ತನ್ನ ಬೆರಳನ್ನು ಕೇಳಿ ಕೇಳಿ ಸೋತಿದ್ದ ಉತ್ತರ ಇಷ್ಟು ದಿನವೂ ಪಕ್ಕದ ಹಾಸಿಗೆಯಲ್ಲೇ ಮಲಗಿತ್ತು. ಅಳು ಬರಲಿಲ್ಲ. "ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಆ ಫೋನ್ ಒಯ್ದು ಬಾವಿಗೆ ಒಗೀತಿದ್ದಿ. ಮೋಟರ್ ಚಾಲೂ ಮಾಡಾಕ ನಾ ಓಡಾಡಬೇಕಾಗಿತ್ತು. ನೀ ಓಡಿದಂಗ ನನಗ ಓಡಾಕ ಬರತೈತೇನ್ ಲೇ?"

ನಗು ಬರುವಂತಾಯಿತು. ಬರುವಷ್ಟರಲ್ಲಿ ಇನ್ನೊಂದು ಯೋಚನೆ ಹೊಳೆದು ಅದು ಅಲ್ಲೇ ಸತ್ತಿತು. ಅವಳು ಗಂಡನ ಕಡೆ ಪೂರ್ತಿ ತಿರುಗಿದಳು.

"ಕೂಗಿದ್ದು ಕೇಳಿಸಿತ್ತಲ್ರಿ ನಿಮಗ? ಖಟ್ ಅನ್ನೂದಕ್ಕಿಂತ ಮೊದಲ? ವ್ಯಾಳ್ಯಾ ಇತ್ತಲ್ಲ. ಕೈ ಯಾಕ ತೆಗೀಲಿಲ್ಲ?"

ಕಂಡಕ್ಟರು ಬಂದ, ಟಿಕೆಟು ಹರಿದ, ಮುಂದೆ ಹೋದ.

"ಸೋಮವಾರ ಇತ್ತಲ್ಲ," ಎಂದ ಕೊನೆಗೆ. "ನೀ ಎರಡು ಒತ್ತತಿ ಅಂತ ಕುಂತೆ."

ಕಸ್ತೂರೆಮ್ಮ ಆಗ ಅತ್ತಳು. ಬಸ್ಸಿನ ಜನ ತಿರುಗಿ ನೋಡಿದರೂ ಬಿಡದೆ, ಸೆರಗನ್ನು ಬಾಯಿಗೆ ತುರುಕಿಕೊಂಡು, ವರ್ಷದ ಅಳುವನ್ನೆಲ್ಲ ಅತ್ತಳು. ಇವನು ಕೂಗು ಕೇಳಿಯೂ ಕೈ ತೆಗೆಯದೆ ಕೂತಿದ್ದ, ಅದು ತನ್ನ ಮೇಲಿನ ನಂ‌ಬಿಕೆಯಿಂದ. ಊರೆಲ್ಲ ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಸೂಗಪ್ಪ ಧೋತರದ ಮರೆಗೆ ಹೋಗಿದ್ದ ಬಲಗೈಯನ್ನು ಹೊರಗೆ ತೆಗೆದು ಇಬ್ಬರ ನಡುವೆ ಸೀಟಿನ ಮೇಲಿಟ್ಟ. ಅವಳು ಮೊದಲ ಸಲ ಅದನ್ನು ಹಿಡಿದುಕೊಂಡಳು. ಮೊಂಡಾದ ಎರಡು ಜಾಗದಲ್ಲಿ ಚರ್ಮ ಎಳೆಗೂಸಿನ ಅಂಗಾಲಿನಂತೆ ಮೆತ್ತಗಿತ್ತು.

ಮಸ್ಕಿ ಇನ್ನೇನು ಬರಬೇಕು, ಸೊಂಟದಲ್ಲಿದ್ದ ಫೋನು ರಿಂಗಾಯಿತು. ಅಭ್ಯಾಸದಂತೆ ಕಸ್ತೂರೆಮ್ಮ ಧಡಕ್ಕನೆ ಎದ್ದು ನಿಂತಳು, ಓಡುವವಳಂತೆ. ಬಸ್ಸಿನಲ್ಲಿ ಎಲ್ಲಿಗೆ ಓಡುವುದು? ತಣ್ಣಗಿನ ದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಿತ್ತು. ಅವಳ ಬೆರಳು ಒಂದಕ್ಕೂ ಎರಡಕ್ಕೂ ನಡುವೆ ನಿಂತಿತು.

ಸೂಗಪ್ಪ ಸೀರೆ ಹಿಡಿದೆಳೆದು ಅವಳನ್ನು ಕೂರಿಸಿದ.

"ಕುಂದ್ರು, ಕಾಲುವಿ ಊರಾಕಿ," ಎಂದ. "ಇವತ್ತ ಬುಧವಾರ. ನಾ ಇಲ್ಲೇ ನಿನ್ನ ಬಾಜೂಕ ಅದೀನಿ. ಒತ್ತು."

ಅವಳು ಅವನನ್ನು ನೋಡಿದಳು. ಆಮೇಲೆ ಒಂದನ್ನು ಒತ್ತಿದಳು.